ಗಾಳಿಗೆ ಎದುರು ಹನ್ನೆರಡು ತಿರುವು

ನನ್ನ ಸೋದರಮಾವನನ್ನು ಕೆಲಸದಿಂದ ತೆಗೆಯಲು ಸಾಹೇಬ ಕೈಯಲ್ಲಿ ಹಿಡಿದ ಕಾಗದ ನನ್ನ ಕೈಬರಹದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಾಪ ಅನ್ನುವುದು ಬೇಡ. ಇಷ್ಟು ವರ್ಷವಾದರೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಈ ಟೈಪು ಯಂತ್ರದ ಮೇಲೆ ಒಂದೊಂದು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಸಿಟ್ಟು ಆರಬೇಕಿತ್ತು. ಆರುವುದಿಲ್ಲ.

ನಮ್ಮದು ದೋಣಿ ನಡೆಸುವ ಮನೆತನ. ಘಟಪ್ರಭೆಯಲ್ಲಿ ಹರಗೋಲು ಹಾಕಿ ಜನರನ್ನೂ ದನಗಳನ್ನೂ ದಾಟಿಸಿ, ಸುಗ್ಗಿಯಲ್ಲಿ ಊರೂರು ತಿರುಗಿ ಜೋಳ ಎತ್ತುವುದು ನಮ್ಮ ಹಿರಿಯರ ಬದುಕು. ಧೂಪದಾಳದಲ್ಲಿ ಒಡ್ಡು ಕಟ್ಟಿದ ಮೇಲೆ ನನ್ನ ತಾಯಿಯ ತಂದೆ ದೋಣಿ ಹಾಕುತ್ತಿದ್ದ ಜಾಗ ನೀರಿನ ಕೆಳಗೆ ಹೋಯಿತು. ಒಡ್ಡಿನ ಹಿಂದೆ ಪಡುವಣಕ್ಕೆ, ಹುಕ್ಕೇರಿ ತಾಲೂಕಿನ ಹೊಲಗಳ ಕಡೆಗೆ, ಹಿನ್ನೀರು ಉದ್ದಕ್ಕೆ ಚಾಚಿಕೊಂಡಿತು. ಆ ನೀರಿನ ಮೇಲೆ ಸಾಹೇಬರೊಬ್ಬರು ಹಾಯಿದೋಣಿ ತಂದು ಬಿಟ್ಟರು. ಮುಂಬಯಿಯಿಂದ ರೈಲಿನಲ್ಲಿ ಬಂದು, ಸ್ಟೇಶನ್ನಿನಿಂದ ಎಂಟು ಜೋಡಿ ಎತ್ತು ಕಟ್ಟಿ ಎಳೆಸಿದ ದೋಣಿ ಅದು. ಸಮುದ್ರದ ದಂಡೆಗುಂಟ ಊರಿಂದೂರಿಗೆ ಹೋಗುತ್ತ ಅದರಲ್ಲೇ ಉಂಡು ಮಲಗಲು ಮಾಡಿದ್ದು. ಎರಡು ಹಾಯಿ, ನಡುವೆ ಒಂದು ಸಣ್ಣ ಕೋಣೆ, ಕೋಣೆಯಲ್ಲಿ ಎರಡು ಹಾಸಿಗೆ, ಒಲೆ, ಗಾಜಿನ ಕಪಾಟು. ನೋಡಲು ಬಂದ ಜನ ನಕ್ಕರು. "ಸಾಹೇಬಗ ನೆಲದ ಮ್ಯಾಲ ಇರೋ ಬಂಗಲೆ ಸಾಲಲಿಲ್ಲೇನಪಾ, ನೀರಾಗೂ ಒಂದ ಬೇಕಾತು?" ಅಂದರು.

ಆ ಹಳೆಯ ಸಾಹೇಬ ನನ್ನ ಮಾವನನ್ನು ತಾಂಡೇಲನಾಗಿ, ಅಂದರೆ ದೋಣಿ ನಡೆಸುವವನಾಗಿ, ಇಟ್ಟುಕೊಂಡ. ಹರಗೋಲಿನ ಮನುಷ್ಯನಿಗೆ ಹಾಯಿ ಹೊಸದು. ಆದರೆ ನೀರು ಹೊಸದಲ್ಲ, ಗಾಳಿಯೂ ಹೊಸದಲ್ಲ. ಮೂರು ವರ್ಷದಲ್ಲಿ ಮಾವ ಆ ದೋಣಿಯ ಮೈಯೆಲ್ಲ ಅರಿತುಕೊಂಡ. ಹಳೆಯ ಸಾಹೇಬ ಚಹಾ ಕುಡಿಯುತ್ತ ಕುಳಿತಿರುತ್ತಿದ್ದ. ಎತ್ತ ಹೋಗೋಣ ಎಂದು ಕೈಯಿಂದ ಕೇಳುತ್ತಿದ್ದ. ಮಾವ ಕೈಯಿಂದ ತೋರಿಸುತ್ತಿದ್ದ. ದೋಣಿ ಕಟ್ಟುವ ಜಾಗದ ಬಾಜೂಕ್ಕೆ ಎರಡು ಖೋಲಿಯ ಮನೆ ಕೊಟ್ಟಿದ್ದರು. ಅಲ್ಲಿ ಮಾವ, ಅತ್ತೆ, ಒಂದು ಆಡು. ಕೆಲಸ ಇರುವ ತನಕ ಮನೆ, ಕೆಲಸ ಹೋದರೆ ಮನೆಯೂ ಹೋಯಿತು.

ಇನ್ನು ನಾನು. ಹತ್ತೊಂಬತ್ತನೆಯ ವಯಸ್ಸಿಗೆ ಮೂಡಲಗಿಯ ಸಾಲೆಯಲ್ಲಿ ಆರು ವರ್ಷದ ಮಕ್ಕಳ ಸಾಲಿನಲ್ಲಿ ಕಾಲು ಮಡಚಿ ಕುಳಿತವನು. ಮೀಸೆ ಬಂದಿತ್ತು. ಮಾಸ್ತರರು ಹಾಜರಿ ಕೂಗುವಾಗ ನನ್ನ ಪಾಳಿ ಬಂದರೆ, "ಬೀಗರು ಬಂದಾರೇನ್ರಿ?" ಅನ್ನುತ್ತಿದ್ದರು, ಮಕ್ಕಳೆಲ್ಲ ನಗುತ್ತಿದ್ದರು. ನಾನು ಹಲ್ಲು ಕಚ್ಚಿ ಕಲಿತೆ. ನಾಲ್ಕು ವರ್ಷದಲ್ಲಿ ಓದು, ಬರಹ, ಲೆಕ್ಕ ಮೂರೂ ಬಂದವು. ಒಡ್ಡಿನ ಮೇಲೆ ನೀರಿನ ಎತ್ತರ ಬರೆಯುವ ಕೆಲಸ ಸಿಕ್ಕಿತು. ಕಲ್ಲಿನ ಮೇಲೆ ಗೆರೆ ಕೊರೆದಿದ್ದರು. ದಿನಕ್ಕೆ ಮೂರು ಸಲ ನೀರು ಎಷ್ಟನೆಯ ಗೆರೆಗೆ ನಿಂತಿದೆ ಎಂದು ನೋಡಿ ವಹಿಯಲ್ಲಿ ಬರೆಯಬೇಕು. ವಹಿಯಲ್ಲಿ ಅಂಕಣಗಳಿದ್ದವು: ತಾರೀಖು, ವೇಳೆ, ಎತ್ತರ. ಆ ಅಂಕಣಗಳ ಮೇಲೆ ನನಗೆ ಎಂಥ ಭಕ್ತಿ ಇತ್ತೆಂದರೆ, ಒಮ್ಮೆ ಒಡ್ಡಿನ ಮೇಲಿಂದ ಎಮ್ಮೆಯೊಂದು ಕೊಚ್ಚಿಕೊಂಡು ಹೋದ ದಿನವೂ ನಾನು ಎತ್ತರ ಮಾತ್ರ ಬರೆದೆ. ಎಮ್ಮೆಗೆ ಅಂಕಣ ಇರಲಿಲ್ಲ. ಮಾವನಿಗೆ ಇದನ್ನು ಹೇಳಿದಾಗ ಅವನು ಹೊಟ್ಟೆ ಹಿಡಿದು ನಕ್ಕ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಹಳೆಯ ಸಾಹೇಬ ವಿಲಾಯತಿಗೆ ಹೋದ. ಅವನ ಜಾಗಕ್ಕೆ ಬಂದ ಹೊಸ ಸಾಹೇಬ ದೋಣಿಯನ್ನೂ ಕೊಂಡುಕೊಂಡ. ಇವನು ಬಂದದ್ದು ಒಂದು ದಪ್ಪ ಪುಸ್ತಕದ ಜೊತೆಗೆ. ದೋಣಿ ನಡೆಸುವ ಪುಸ್ತಕ. ಬಂಗಲೆಯ ಪಡಸಾಲೆಯಲ್ಲಿ ಕುಳಿತು ಪುಸ್ತಕ ಓದುವುದು, ದುರ್ಬೀನಿನಿಂದ ನೀರಿನ ಕಡೆ ನೋಡುವುದು, ಮತ್ತೆ ಪುಸ್ತಕ ಓದುವುದು. ಒಂದು ವಾರ ಹೀಗೆ ನೋಡಿದ. ಎಂಟನೆಯ ದಿನ ಮಾವನಿಗೆ ಕರೆ ಬಂತು. ಓದುಬರಹ ಬಲ್ಲವನು ಎಂದು ನನ್ನನ್ನೂ ಕರೆಸಿದರು. ಸಾಹೇಬನ ಮಾತನ್ನು ನಮಗೆ ತಿಳಿಸಲು ಓವರ್‌ಸಿಯರ್ ನಿಂತಿದ್ದ. ಬೆಳಗಾವಿಯ ಮನುಷ್ಯ, ಸದಾ ಇಸ್ತ್ರಿ ಮಾಡಿದ ಕೋಟು, ಸಾಹೇಬ ಸೀನಿದರೂ ಬಗ್ಗುವವನು.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಾಯಿದೋಣಿ ಗಾಳಿಗೆ ಎದುರಾಗಿ ನೆಟ್ಟಗೆ ಹೋಗುವುದಿಲ್ಲ. ಮೂಗನ್ನು ಗಾಳಿಗೆ ನೆಟ್ಟಗೆ ಹಿಡಿದರೆ ಹಾಯಿ ಹಗ್ಗದ ಮೇಲೆ ಒಣಗಹಾಕಿದ ಧೋತರದಂತೆ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಂತುಬಿಡುತ್ತದೆ. ಅದಕ್ಕೆ ಗಾಳಿಗೆ ಓರೆಯಾಗಿ ಬಡಗಣ ದಂಡೆಗೆ ಹೋಗಬೇಕು, ಅಲ್ಲಿ ತಿರುಗಿಸಿ ಮತ್ತೆ ಓರೆಯಾಗಿ ತೆಂಕಣ ದಂಡೆಗೆ ಬರಬೇಕು. ಹೀಗೆ ಹಾವಿನ ಹಾಗೆ ಹೊರಳುತ್ತ ಮೇಲಕ್ಕೆ ಏರಬೇಕು. ಎಷ್ಟು ಓರೆ ಎಂಬುದೇ ಪ್ರಶ್ನೆ. ಗಾಳಿಗೆ ಎಷ್ಟು ಹತ್ತಿರ ಹೋಗಬಹುದು? ಕಾರಹುಣ್ಣಿಮೆಯ ಹೊತ್ತಿಗೆ ನಮ್ಮಲ್ಲಿ ಗಾಳಿ ಪಡುವಣದಿಂದಲೇ ಬೀಸುತ್ತದೆ. ಸಾಹೇಬರು ಕುಳಿತು ಊಟ ಮಾಡುವ ಮಾವಿನ ತೋಪು ಇದ್ದದ್ದೂ ಪಡುವಣಕ್ಕೇ, ಒಡ್ಡಿನಿಂದ ಎರಡು ಮೈಲು. ಹೋಗಬೇಕಾದ ದಾರಿ ಪೂರಾ ಗಾಳಿಗೆ ಎದುರು.

ಸಾಹೇಬ ಒಂದು ಹಾಳೆ ತೆಗೆದುಕೊಂಡು ಅದರ ಒಂದು ಮೂಲೆಯನ್ನು ಸರಿಯಾಗಿ ಎರಡಾಗಿ ಮಡಚಿದ. ಅಂಚಿನ ಮೇಲೆ ಬೆರಳಿಟ್ಟು ಗಾಳಿ ಅಂದ. ಮಡಿಕೆಯ ಮೇಲೆ ಬೆರಳಿಟ್ಟು ದೋಣಿ ಅಂದ. ಅಂದರೆ ನಲವತ್ತೈದು ಡಿಗ್ರಿ. ಆಮೇಲೆ ಓವರ್‌ಸಿಯರ್ ಹೇಳಿದ:

"ಸಾಹೇಬ್ರು ಏನಂತಾರಂದ್ರ, ದೋಣಿ ಗಾಳಿಗೆ ಇಷ್ಟ ಹತ್ರ ಹೋಗಬೇಕು. ಹಂಗ ಹೋದ್ರ ತೋಪು ಮುಟ್ಟಾಕ ಆರ ತಿರುವು ಸಾಕು. ನೀ ಹನ್ನೆರಡ ಹೊಡೀತಿ. ದುರ್ಬೀನಿನಾಗ ಎಣಿಸ್ಯಾರ. ಡಬಲ್! ಯಾಕ?"

ಮಾವ ಹಾಳೆಯನ್ನು ನೋಡಿದ. ಮಡಿಕೆಯನ್ನು ನೋಡಿದ. "ಪುಸ್ತಕದಾಗಿನ ದೋಣಿ ಹೋಗ್ತಿರಬೇಕ್ರಿ," ಅಂದ. "ಇದು ಹೋಗಾಂಗಿಲ್ಲ. ಇದರ ಬೆನ್ನ ಮ್ಯಾಲ ಮನಿ ಐತಿ, ಅದಕ್ಕ ಗಾಳಿ ಹೊಡೀತೈತಿ. ಹೊಟ್ಟ್ಯಾಗ ಒಲಿ ಐತಿ, ಕಪಾಟ ಐತಿ. ಇಲ್ಲಿ ನೀರು ಆಳಿಲ್ಲಂತ ನೀರ ಹಿಡಿಯೋ ತಳದ ಹಲಿಗಿ ಗಿಡ್ಡ ಮಾಡಿಸ್ಯಾರ. ಮೂಗು ಬೇಕಾದ್ರ ನೀವ ಹೇಳಿದಂಗ ಇಡ್ತೇನ್ರಿ. ಮೂಗು ಇಟ್ಟ ಕಡೆ ದೋಣಿ ಹೋಗಬೇಕಲ್ಲ? ಅದು ಬಾಜೂಕ್ಕ ಜಾರತೈತಿ."

ಓವರ್‌ಸಿಯರ್ ಇಷ್ಟನ್ನೂ ಕೇಳಿ ಸಾಹೇಬನ ಕಡೆ ತಿರುಗಿ ಇಂಗ್ಲಿಷಿನಲ್ಲಿ ನಾಲ್ಕೇ ಶಬ್ದ ಹೇಳಿದ. ನನಗೆ ಆಗ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಆಗುವುದಿಲ್ಲ ಅನ್ನುತ್ತಾನೆ, ಅಷ್ಟೇ ಹೇಳಿದ. ಬೆನ್ನ ಮೇಲಿನ ಮನೆ ಇಲ್ಲ, ಒಲೆ ಇಲ್ಲ, ಗಿಡ್ಡ ಹಲಗೆ ಇಲ್ಲ, ಜಾರುವುದು ಇಲ್ಲ. ನಾನು ಬಾಯಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಪಡಸಾಲೆಯ ಮೇಲೆ ನನ್ನನ್ನು ನಿಲ್ಲಿಸಿಕೊಂಡಿದ್ದಾರೆ ಎಂಬುದೇ ನನಗೆ ದೊಡ್ಡದಾಗಿತ್ತು.

ಸಾಹೇಬ ತೀರ್ಪು ಕೊಟ್ಟ. ಎರಡು ದಿನ ಪರೀಕ್ಷೆ. ಮೊದಲ ದಿನ ಮಾವ ತನ್ನ ರೀತಿಯಲ್ಲಿ ನಡೆಸಬೇಕು, ಎರಡನೆಯ ದಿನ ಸಾಹೇಬನೇ ಪುಸ್ತಕದ ರೀತಿಯಲ್ಲಿ ನಡೆಸುತ್ತಾನೆ. ಗಾಳಿಗೆ ದೋಣಿಯ ಮೂಗು ಎಷ್ಟು ಡಿಗ್ರಿ ಇತ್ತು ಎಂದು ನಾನು ದಿಕ್ಕು ತೋರಿಸುವ ಹೋಕಾಯಂತ್ರ ನೋಡಿ ಬರೆಯಬೇಕು. ಪುಸ್ತಕ ಖರೆಯಾದರೆ ತಾಂಡೇಲ ಅಮಾವಾಸ್ಯೆಯೊಳಗೆ ಮನೆ ಬಿಡಬೇಕು. ಬರೆಯಲು ಹಾಳೆಯನ್ನು ಸಾಹೇಬನೇ ಗೆರೆ ಹಾಕಿ ಕೊಟ್ಟ. ಮೂರು ಅಂಕಣ: ವೇಳೆ, ಗಾಳಿಯ ದಿಕ್ಕು, ಮೂಗಿನ ದಿಕ್ಕು.

ಹೊರಗೆ ಬಂದ ಮೇಲೆ ಮಾವ ನನ್ನ ಹೆಗಲ ಮೇಲೆ ಕೈ ಹಾಕಿದ. "ನೀನ ಬರಿಯಾಂವ ಅಂದ ಮ್ಯಾಲ ನನಗೇನ ಅಂಜಿಕಿ ಬಿಡೋ ಅಳಿಯಾ," ಅಂದ.

ಮೊದಲ ದಿನ ಬೆಳಿಗ್ಗೆ ಏಳಕ್ಕೆ ದೋಣಿ ಬಿಟ್ಟೆವು. ನಾನು ಮಾವ ಇಬ್ಬರೇ. ಮಾವ ಚುಕ್ಕಾಣಿ ಹಿಡಿದು ಹಾಯಿ ತುಂಬ ಗಾಳಿ ತೆಗೆದುಕೊಂಡ. ದೋಣಿ ವಾಲಿ, ನೀರು ಸೀಳಿಕೊಂಡು ಹೊರಟಿತು. ನನ್ನ ಹೋಕಾಯಂತ್ರ ಐವತ್ತೈದು ತೋರಿಸುತ್ತಿತ್ತು. ಬರೆದೆ. ತುಸು ಹೊತ್ತಿಗೆ ಮತ್ತೆ ನೋಡಿದೆ, ಐವತ್ತೈದು. ನನಗೇ ಕಸಿವಿಸಿಯಾಯಿತು.

"ಮಾವಾ, ಇನ್ನೊಂದ ಚೂರ ಗಾಳಿಗೆ ಹತ್ರ ತಗೋ. ನಲವತ್ತೈದ ಆಗಬೇಕು."

"ತಗೋತೇನಿ, ನೋಡು," ಎಂದು ಮಾವ ಚುಕ್ಕಾಣಿ ನೂಕಿದ. ಮುಳ್ಳು ನಲವತ್ತೈದಕ್ಕೆ ಬಂತು. ಹಾಯಿಯ ಮುಂದಿನ ಅಂಚು ನಡುಗತೊಡಗಿತು, ನೀರಿನ ಸಪ್ಪಳ ನಿಂತಿತು. "ಈಗ ಆ ದಂಡಿ ಮ್ಯಾಲಿನ ಜಾಲಿ ನೋಡು. ಅದರ ಹಿಂದ ದೂರ ಒಂದ ಆಲದ ಗಿಡ ಐತಲ್ಲ? ಎರಡೂ ಒಂದರ ಹಿಂದ ಒಂದ ಅದಾವು. ದೋಣಿ ಮೂಗು ಅವಕ್ಕ ಹಿಡಿದೇನಿ. ಕಣ್ಣ ಪಿಳುಕಿಸಬ್ಯಾಡ."

ನೋಡಿದೆ. ಹತ್ತು ಉಸಿರಿನಷ್ಟು ಹೊತ್ತಿನಲ್ಲಿ ಆಲ ಜಾಲಿಯ ಮರೆಯಿಂದ ಬಲಕ್ಕೆ ಹೊರಬಂತು. ಮೂಗು ಜಾಲಿಯ ಕಡೆಗೇ ಇತ್ತು, ದೋಣಿ ಮಾತ್ರ ಗಾಳಿ ನೂಕಿದ ಕಡೆಗೆ ಬಾಜೂಕ್ಕೆ ಸರಿಯುತ್ತಿತ್ತು. ನಮ್ಮ ಮನೆತನದವರು ಮಹಾಪೂರದಲ್ಲಿ ಹರಗೋಲು ದಾಟಿಸುವುದೇ ಹೀಗೆ ಎರಡು ಗಿಡ ಹಿಡಿದು. ಗಿಡ ಬಿಟ್ಟುಕೊಂಡವು ಎಂದರೆ ದೋಣಿ ಜಾರುತ್ತಿದೆ ಎಂದು ಅರ್ಥ.

"ಇಳಿಜಾರ ಹೊಲದಾಗ ಕುಂಟಿ ಹೊಡಿಯಾಂವನ ಕೇಳು," ಅಂದ ಮಾವ. "ಎತ್ತಿನ ಮಾರಿ ಎತ್ತಾಗೈತಿ ಅಂತ ಯಾರರ ನೋಡ್ತಾರೇನ? ಸಾಲು ಎತ್ತಾಗ ಬಿತ್ತು ಅಂತ ನೋಡ್ತಾರ. ಗಾಳಿಗೆ ಆಸೆಬುರುಕನಂಗ ಮೂಗು ತೂರಿಸಿದ್ರ ದೋಣಿ ಕಸುವ ಕಳಕೋತೈತಿ. ಕಸುವ ಹೋದ್ರ ಇನ್ನಷ್ಟ ಜಾರತೈತಿ. ಒಂದ ಚೂರ ಬಿಟ್ಟ ಕೊಡಬೇಕು. ಬಿಟ್ಟ ಕೊಟ್ರ ಅದು ಓಡತೈತಿ, ಓಡಿದ್ರ ನೀರ ಹಿಡಿತೈತಿ. ಇದನ್ನ ಬರಿ."

"ಎಲ್ಲಿ ಬರೀಲಿ?"

"ಅದರಾಗ."

"ಅಂಕಣ ಇಲ್ಲಲ್ಲ ಮಾವಾ."

ಈ ಮಾತು ಆಡಿದವನು ನಾನು. ನನ್ನ ಬಾಯಿಂದ ಬಂತು. ಮಾವ ನನ್ನ ಮುಖ ನೋಡಿದ, ನಾನು ಚೇಷ್ಟೆ ಮಾಡುತ್ತಿಲ್ಲ ಎಂದು ತಿಳಿದುಕೊಂಡ. "ಬಾಜೂಕ್ಕ ಜಾಗಾ ಐತಲ್ಲೋ," ಅಂದ. "ಸಾಹೇಬ ಗೆರಿ ಹಾಕಿ ಕೊಟ್ಟಾನ. ಅದರ ಹೊರಗ ಬರದ್ರ ಕಾಗದ ಕೆಡತೈತಿ," ಅಂದೆ. ಕಾಗದ ಕೆಡುತ್ತದೆ! ಇವತ್ತು ಆ ಇಪ್ಪತ್ತಮೂರು ವರ್ಷದ ಗಂಡಸು ನನ್ನ ಎದುರು ಸಿಕ್ಕರೆ ಕೆನ್ನೆಗೆ ಬಿಗಿಯುತ್ತೇನೆ.

ಮಾವ ಚುಕ್ಕಾಣಿ ಎಳೆದ. ದೋಣಿಯನ್ನು ಐವತ್ತೈದಕ್ಕೆ ಬಿಟ್ಟುಕೊಟ್ಟ. ಹನ್ನೆರಡು ತಿರುವು ಹೊಡೆದ. ಪ್ರತಿ ತಿರುವಿಗೂ ಚುಕ್ಕಾಣಿ ಎಷ್ಟು ಮೆತ್ತಗೆ ದಾಟಿಸಿದನೆಂದರೆ ನನ್ನ ಮಸಿಕುಡಿಕೆ ಅಲುಗಲಿಲ್ಲ. ಒಂಬತ್ತರ ಒಳಗೆ ಮಾವಿನ ತೋಪಿನ ದಂಡೆಗೆ ಮುಟ್ಟಿದೆವು. ಹಾಳೆಯಲ್ಲಿ ಏನಿತ್ತು? ಐವತ್ತೈದು, ಐವತ್ತೈದು, ಐವತ್ತೈದು. ತೋಪು ಮುಟ್ಟಿತು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಎರಡನೆಯ ದಿನ ಅದೇ ಹೊತ್ತು, ಅದೇ ಗಾಳಿ. ಸಾಹೇಬ ಚುಕ್ಕಾಣಿಗೆ ಕುಳಿತ. ಓವರ್‌ಸಿಯರ್ ಇಸ್ತ್ರಿ ಕೋಟಿನಲ್ಲಿ ಕೋಣೆಯ ಬಾಗಿಲು ಹಿಡಿದು ನಿಂತ. ಮಾವ ಹಾಯಿಯ ಹಗ್ಗದ ಹತ್ತಿರ, ನಾನು ಹೋಕಾಯಂತ್ರದ ಹತ್ತಿರ. ತೋಪಿಗೆ ಮೊದಲೇ ಅಡಿಗೆಯವನನ್ನು ಬುಟ್ಟಿ ಸಮೇತ ಬಂಡಿಯಲ್ಲಿ ಕಳಿಸಿದ್ದರು.

ಸಾಹೇಬ ಮುಳ್ಳನ್ನೇ ನೋಡುತ್ತ ನಡೆಸಿದ. ಮುಳ್ಳು ನಲವತ್ತೈದು. ಕೆಟ್ಟ ಕೈ ಅಲ್ಲ ಅವನದು, ಅದನ್ನು ಒಪ್ಪುತ್ತೇನೆ. ಮುಳ್ಳನ್ನು ಒಂದು ಕೂದಲೂ ಸರಿಯಗೊಡಲಿಲ್ಲ. ಹಾಯಿ ನಡುಗುತ್ತಿತ್ತು. ದೋಣಿ ನೆಟ್ಟಗೆ ನಿಂತು ಮುದುಕಿ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತಿತ್ತು. ಸಣ್ಣ ಅಲೆಗಳು ಮೂಗಿಗೆ ಬಡಿದಾಗಲೆಲ್ಲ ಅದು ತಡೆದು ನಿಲ್ಲುತ್ತಿತ್ತು. ಓವರ್‌ಸಿಯರ್ ಮಾತ್ರ ಖುಷಿಯಲ್ಲಿದ್ದ.

"ನೋಡಿದ್ಯೇನೋ ತಾಂಡೇಲಾ? ನಲವತ್ತೈದು! ನೀ ಆಗಾಂಗಿಲ್ಲ ಅಂದಿದ್ದಿ!"

"ಆಗಾಂಗಿಲ್ಲ ಅಂದಿಲ್ರಿ. ಮೂಗು ಇಡ್ತೇನಿ ಅಂದಿದ್ನಿ. ನೀವು ಒಂದ್ಸಲ ಆ ದಂಡಿ ನೋಡ್ರಿ."

"ದಂಡಿ ಏನ ನೋಡೋದು? ಅದೇನ ಓಡಿ ಹೋಗ್ತೈತೇನ?"

"ಹೋಗಾಕತ್ತೈತ್ರಿ. ಮುಂದಕ್ಕ ಹೋಗಾಕತ್ತೈತಿ. ನಾವ ಹಿಂದಕ್ಕ ಹೊಂಟೇವಿ."

ನನಗೆ ನಗು ಬಂತು, ನುಂಗಿದೆ. ನಲವತ್ತೈದು ಎಂದು ಬರೆದೆ. ಎರಡು ತಾಸು ಕಳೆಯಿತು. ಐದನೆಯ ತಿರುವಿನ ಹೊತ್ತಿಗೆ ನಾವು ತೋಪಿನ ದಾರಿಯ ಮೂರನೆಯ ಒಂದು ಪಾಲಿನಲ್ಲಿದ್ದೆವು. ಹಿಂದೆ ತಿರುಗಿದರೆ ಬಂಗಲೆಯ ಪಡಸಾಲೆಯಲ್ಲಿ ಆಡು ಹತ್ತಿ ನಿಂತದ್ದು ಕಾಣುತ್ತಿತ್ತು, ಅತ್ತೆಯ ಆಡು, ಅಷ್ಟು ಹತ್ತಿರ. ಓವರ್‌ಸಿಯರ್ ಕೋಟಿನ ತೋಳಿಗೇ ವಾಂತಿ ಮಾಡಿಕೊಂಡ. ಬಿಸಿಲೇರಿತು. ಸಾಹೇಬ ಗಡಿಯಾರ ನೋಡಿ, ಏನೋ ಗೊಣಗಿ, ದೋಣಿ ತಿರುಗಿಸಿದ. ಗಾಳಿ ಬೆನ್ನಿಗೆ ಬಿದ್ದದ್ದೇ ಕಾಲು ತಾಸಿನಲ್ಲಿ ವಾಪಸು ಬಂಗಲೆಗೆ ಬಂದೆವು. ತೋಪಿನಲ್ಲಿ ಅಡಿಗೆಯವನು ಸಂಜೆಯ ತನಕ ಬುಟ್ಟಿ ಕಾಯುತ್ತ ಕುಳಿತನಂತೆ. ಕೊನೆಗೆ ತಾನೇ ಉಂಡನಂತೆ. ಆ ಪರೀಕ್ಷೆಯಲ್ಲಿ ಸರಿಯಾಗಿ ತಿಳಿದುಕೊಂಡವನು ಅವನೊಬ್ಬನೇ.

ಮಧ್ಯಾಹ್ನ ಸಾಹೇಬ ಎರಡೂ ಹಾಳೆಗಳನ್ನು ಎದುರುಬದುರು ಇಟ್ಟುಕೊಂಡ. ಒಂದರಲ್ಲಿ ಐವತ್ತೈದು. ಇನ್ನೊಂದರಲ್ಲಿ ನಲವತ್ತೈದು. ಮೂಲೆ ಮಡಚಿದ ಹಾಳೆಯೂ ಬಾಜೂಕ್ಕಿತ್ತು. ಸಂಜೆಗೆ ಹುಕುಮು ಬಂತು. ದೋಣಿ ಪುಸ್ತಕದಂತೆ ಹೋಗುತ್ತದೆ ಎಂಬುದು ಬರಹದಿಂದ ಸಿದ್ಧವಾಗಿದೆ, ತಾಂಡೇಲ ಬೇಡ.

ಬರಹದಿಂದ! ತೋಪು ಮುಟ್ಟಿದವನು ಸೋತ, ಮುಟ್ಟದವನು ಗೆದ್ದ. ಯಾಕೆ? ನಾನು ಬರೆದ ಕಾಗದದಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ನನಗೆ ಇವತ್ತಿಗೂ ಉರಿ ಹಚ್ಚುತ್ತದೆ. ಸುಳ್ಳು ಬರೆದಿದ್ದರೆ ನನ್ನನ್ನು ಒದ್ದು ತಪ್ಪು ಒಪ್ಪಿಸಬಹುದಿತ್ತು.

ಮಾವನ ಮನೆಗೆ ಹೋಗಲು ಕಾಲು ಬರಲಿಲ್ಲ, ಆದರೂ ಹೋದೆ. ಅತ್ತೆ ಬಾಗಿಲಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಬಂದ ನೋಡು ಕಲತಾಂವ! ಏನ ಬರದ್ಯೋ ಮಾರಾಯಾ, ಮನಿ ತೊಳಕೊಂಡ ಹೋತು!"

"ಅತ್ತೀ, ನಾ ಇದ್ದದ್ದ ಬರದೇನಿ."

"ಇದ್ದದ್ದ? ನಿಮ್ಮ ಮಾವ ತ್ವಾಪಿಗೆ ಮುಟ್ಟಿದ್ದು ಇದ್ದದ್ದ ಅಲ್ಲೇನ? ಸಾಹೇಬ ನೀರಾಗ ಗಿರಿಗಿರಿ ತಿರುಗಿ ವಾಪಸ್ ಬಂದಿದ್ದು ಇದ್ದದ್ದ ಅಲ್ಲೇನ? ನನಗ ಒಂದ ಅಕ್ಷರ ಬರಾಂಗಿಲ್ಲ. ಈ ಬಾಗಲಾಗ ಕುಂತ ನಾ ಕಂಡೇನಿ. ನೀ ದೋಣ್ಯಾಗ ಕುಂತ ಕಾಣಲಿಲ್ಲೇನ?"

"ಸಾಕ ಬಿಡ," ಅಂದ ಮಾವ ಒಳಗಿನಿಂದ. "ಅಂವಾ ಕೊಟ್ಟ ಕೆಲಸ ಕೊಟ್ಟಂಗ ಮಾಡ್ಯಾನ."

"ನೀ ಸುಮ್ಮನಿರು! ಅಳಿಯಾ ಅಳಿಯಾ ಅಂತ ತಲಿ ಮ್ಯಾಲ ಕುಂದ್ರಿಸಿಕೊಂಡಾಂವ ನೀನ!"

ಆ ದಿನ ಹಟ ಹುಟ್ಟಿತು. ಮಾರನೆಯ ಬೆಳಿಗ್ಗೆ ದೋಣಿ ತೊಳೆಯುವ ನೆಪ ಮಾಡಿ ಮಾವನನ್ನು ಎಳೆದುಕೊಂಡು ಹೋದೆ. ನಲವತ್ತೈದಕ್ಕೂ ಓಡಿಸಿದೆವು, ಐವತ್ತೈದಕ್ಕೂ ಓಡಿಸಿದೆವು, ಒಂದೊಂದು ತಾಸು. ಈ ಸಲ ಮೂಗನ್ನಲ್ಲ, ದಂಡೆಯ ಗಿಡಗಳನ್ನು ನೋಡಿ ದೋಣಿ ಎಲ್ಲಿದೆ ಎಂದು ನಾನೇ ಬರೆದ ಹಿನ್ನೀರಿನ ನಕ್ಷೆಯ ಮೇಲೆ ಚುಕ್ಕೆ ಇಟ್ಟೆ. ಚುಕ್ಕೆ ಕೂಡಿಸಿದಾಗ ಕಂಡಿತು. ಐವತ್ತೈದಕ್ಕೆ ಮೂಗು ಇಟ್ಟರೆ ದೋಣಿ ನಿಜವಾಗಿ ಹೋಗುವುದು ಅರವತ್ತೈದಕ್ಕೆ. ನಲವತ್ತೈದಕ್ಕೆ ಇಟ್ಟರೆ ಎಪ್ಪತ್ತಕ್ಕೆ, ಅದೂ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ. ಗಾಳಿಗೆ ಹತ್ತಿರ ಮುಖ ಮಾಡಿದ ದೋಣಿ ಗಾಳಿಯಿಂದ ಹೆಚ್ಚು ದೂರ ಹೋಗುತ್ತಿತ್ತು.

ನಕ್ಷೆ ಹಿಡಿದು ಪಡಸಾಲೆಗೆ ಹೋದೆ. ಓವರ್‌ಸಿಯರ್ ತಡೆದ, ನಾನು ನಿಲ್ಲಲಿಲ್ಲ. ಸಾಹೇಬ ನಕ್ಷೆಯನ್ನು ಬಹಳ ಹೊತ್ತು ನೋಡಿದ. ಕಂಪಾಸಿನ ಕಡ್ಡಿ ತೆಗೆದು ಅಳೆದ. ಅವನ ಕುತ್ತಿಗೆ ಕೆಂಪಾಯಿತು. ಅವನಿಗೆ ತಿಳಿಯಿತು, ನನ್ನ ಎದುರಿಗೇ ತಿಳಿಯಿತು. ಪುಸ್ತಕ ತೆಗೆದು ಎರಡು ಪುಟ ಮುಂದೆ ಹೋದ, ಒಂದು ಕಡೆ ಬೆರಳಿಟ್ಟು ಓದಿದ. ಜಾರುವ ಸಂಗತಿ ಆ ಪುಸ್ತಕದಲ್ಲೂ ಇತ್ತು ಎಂದು ಕಾಣುತ್ತದೆ. ಅಷ್ಟು ದೂರ ಅವನು ಓದಿರಲಿಲ್ಲ. ಆಮೇಲೆ ನಕ್ಷೆ ಮಡಚಿ ಓವರ್‌ಸಿಯರನಿಗೆ ಏನೋ ಹೇಳಿ ಒಳಗೆ ಹೋದ.

"ಸಾಹೇಬ್ರು ಏನಂದ್ರು?" ಎಂದು ಕೇಳಿದೆ.

"ನಕ್ಷಾ ಚಲೋ ತಗದಿ ಅಂದ್ರು."

"ಮತ್ತ ಮಾವ?"

"ಹುಕುಮ್ ಆಗಿ ಹೋಗೇತಲ್ಲೋ. ಬರದದ್ದ ಅಳಿಸಾಕ ಬರತೈತೇನ? ಅದೂ ಒಬ್ಬ ಅಂಬಿಗನ ಸಲುವಾಗಿ? ಪರವಾನಗಿ ಇಲ್ದ ದೋಣಿ ತಗೊಂಡ ಹೋಗೀರಿ, ಅದಕ್ಕ ನಿನ್ನೂ ಮನಿಗೆ ಕಳಸಬೇಕಿತ್ತು. ನಕ್ಷಾದಿಂದ ಉಳಕೊಂಡಿ."

ಅಮಾವಾಸ್ಯೆಯ ಹಿಂದಿನ ದಿನ ದೋಣಿ ಒಪ್ಪಿಸಿದ ಕಾಗದಕ್ಕೆ ಮಾವ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಒತ್ತಿದರೆ ಒಂದು ಚಿಟ್ಟಿ ಕೊಡುತ್ತಿದ್ದರು. ಸಂಕೇಶ್ವರದ ಹತ್ತಿರ ಹಿರಣ್ಯಕೇಶಿಯಲ್ಲಿ ದೋಣಿ ದಾಟಿಸುವ ಗುತ್ತಿಗೆದಾರ ಅಂಥ ಚಿಟ್ಟಿ ಇದ್ದವನನ್ನೇ ಇಟ್ಟುಕೊಳ್ಳುತ್ತಿದ್ದ. ಅತ್ತೆ ಅದನ್ನೇ ನಂಬಿ ಹೊರಗೆ ಬಂಡಿಯಲ್ಲಿ ಪಾತ್ರೆ ಹೇರಿ ಆಡನ್ನು ಕಟ್ಟಿಕೊಂಡು ನಿಂತಿದ್ದಳು. ಕಚೇರಿಯ ಮೇಜಿನ ಮೇಲೆ ಮಸಿಯ ಗಾದಿ ಇತ್ತು. ಮಾವ ಹೆಬ್ಬೆಟ್ಟು ಅದ್ದಿದ. ಕಾಗದದ ಹತ್ತಿರ ಒಯ್ದು ತಡೆದು, ನನ್ನ ಕಡೆ ನೋಡಿದ.

"ಏನ ಬರದಾರೋ ಅಳಿಯಾ?"

"ಓದೂದೇನೈತಿ? ದೋಣಿ ಮುಟ್ಟಿತು ಅಂತ ಐತಿ," ಅಂದ ಓವರ್‌ಸಿಯರ್.

ನಾನು ಓದಿದೆ. ದೊಡ್ಡದಾಗಿಯೇ ಓದಿದೆ. ದೋಣಿ, ಹಾಯಿ ಎರಡು, ಹಗ್ಗ, ಲಂಗರು, ಗಾಜಿನ ಕಪಾಟು ಒಪ್ಪಿಸಲಾಗಿದೆ. ಸದರಿ ತಾಂಡೇಲನಿಗೆ ಗಾಳಿಯ ತಿಳಿವಳಿಕೆ ಇಲ್ಲದ ಕಾರಣ ಕೆಲಸದಿಂದ ತೆಗೆಯಲಾಗಿದೆ, ಅದನ್ನು ಅವನು ಒಪ್ಪಿದ್ದಾನೆ.

ಮಾವ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಧೋತರಕ್ಕೆ ಮಸಿ ಒರೆಸಿದ.

"ಕೆಲಸ ತಗೀರಿ. ಮನಿ ತಗೋರಿ. ಇದಕ್ಕ ನಾ ಹೆಬ್ಬಟ್ಟ ಒತ್ತಾಂಗಿಲ್ಲ."

"ಒತ್ತಲಿಲ್ಲಂದ್ರ ಚಿಟ್ಟಿ ಇಲ್ಲ ನೋಡು. ಮುಂದ ಯಾವ ನದ್ಯಾಗೂ ನಿನ್ನ ಕೈಯಾಗ ಹುಟ್ಟು ಕೊಡಾಂಗಿಲ್ಲ."

"ಕೊಡಬ್ಯಾಡ್ರಿ. ನಮ್ಮಪ್ಪ ತುಂಬಿದ ಹೊಳ್ಯಾಗ ಬಸುರಿ ಹೆಂಗಸರನ್ನ ದಾಟಿಸಿದಾಂವ. ಅಂವನ ಮಗಗ ಗಾಳಿ ತಿಳಿಯಾಂಗಿಲ್ಲ ಅಂತ ನಾನ ಒಪ್ಪಲೇನ?"

ಹೊರಗೆ ಹೋದ. ಅತ್ತೆ ಏನು ಕೇಳಿದಳೋ ಇವನು ಏನು ಹೇಳಿದನೋ, ಅವಳ ದನಿ ಏರಿತು, ಮತ್ತೆ ಒಮ್ಮೆಲೇ ನಿಂತಿತು. ಬಂಡಿಯ ಗಾಲಿಯ ಸಪ್ಪಳ ಕೇಳಿಸಿತು.

ನಾನು ಟಾಕು ತೆಗೆದುಕೊಂಡು ಆ ಕಾಗದದ ಅಡಿಯಲ್ಲಿ ಬರೆದೆ: ಇದು ಸುಳ್ಳು. ದೋಣಿಯಲ್ಲಿ ನಾನಿದ್ದೆ. ತಾಂಡೇಲನ ರೀತಿಯೇ ಸರಿ. ಕೆಳಗೆ ನನ್ನ ಪೂರ್ಣ ಹೆಸರು, ತಂದೆಯ ಹೆಸರು, ಊರು. ಓವರ್‌ಸಿಯರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಖಾನೆಯಿಂದ ಕತ್ತರಿ ತೆಗೆದು, ಅಳತೆಪಟ್ಟಿ ಇಟ್ಟು, ನನ್ನ ಬರಹವನ್ನು ಎರಡು ಬೆರಳಿನಷ್ಟು ಅಗಲಕ್ಕೆ ನೀಟಾಗಿ ಕತ್ತರಿಸಿದ. ಕಾಗದವನ್ನು ಕಡತಕ್ಕೆ ಹಾಕಿದ. ಕತ್ತರಿಸಿದ ಪಟ್ಟಿಯನ್ನು ನನ್ನ ಕೈಗೆ ಕೊಟ್ಟ. "ಒಯ್ಯಿ, ಮನ್ಯಾಗ ಇಟಗೋ," ಅಂದ.

ಬೆಳೆ ಬಂದ ಮೇಲೆ ಸಂಕೇಶ್ವರದ ಕಡೆಗೆ ಹೋದೆ. ಮಾವ ಕಬ್ಬಿನ ಗಾಣದಲ್ಲಿ ಬೆಲ್ಲದ ಕೊಪ್ಪರಿಗೆಯ ಕೆಳಗೆ ಸಿಪ್ಪೆ ನೂಕುವ ಕೆಲಸದಲ್ಲಿದ್ದ. ಅರ್ಧ ಮೈಲಿಯಲ್ಲಿ ನದಿ ಹರಿಯುತ್ತಿತ್ತು. ಅವನು ಅದರ ಕಡೆ ಬೆನ್ನು ಮಾಡಿ ಕುಳಿತಿದ್ದ. ಒಲೆಯ ಬಾಯಿ ಇದ್ದದ್ದೇ ಹಾಗೆ, ಅಷ್ಟೇ ಇರಬಹುದು. ಹುಬ್ಬಿನ ಕೂದಲು ಸುಟ್ಟು ಹೋಗಿತ್ತು. ಅತ್ತೆ ಬಿಸಿ ಬೆಲ್ಲ ತಂದು ಕೊಟ್ಟು ತನ್ನ ಕೆಲಸಕ್ಕೆ ಹೋದಳು.

ನಾನು ಕಾಗದದ ಮೇಲೆ ಬರೆದದ್ದನ್ನು ಹೇಳಿದೆ. ಅದನ್ನು ಕತ್ತರಿಸಿದ್ದನ್ನೂ ಹೇಳಿದೆ. ಪಟ್ಟಿಯನ್ನು ಕಿಸೆಯಿಂದ ತೆಗೆದು ತೋರಿಸಿದೆ. ಮಾವನಿಗೆ ಓದು ಬರುತ್ತಿರಲಿಲ್ಲ. ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನೋಡಿದ.

"ಇದರಾಗ ನಿನ್ನ ಹೆಸರ ಯಾವ್ದು?"

ತೋರಿಸಿದೆ.

"ಚಂದ ಬರದಿ," ಅಂದ. ಪಟ್ಟಿಯನ್ನು ವಾಪಸು ಕೊಟ್ಟ. ಒಂದು ಹೊರೆ ಸಿಪ್ಪೆ ಎತ್ತಿ ಒಲೆಗೆ ನೂಕಿದ. ಆಮೇಲೆ ಕೇಳಿದ:

"ಮತ್ತ ನೀ ಈಗೂ ಅಲ್ಲೇ ಕೆ‌ಲಸಾ ಮಾಡಾಕತ್ತಿ?"

"ಹೂಂ," ಅಂದೆ.

ಅವನು ಇನ್ನೊಂದು ಹೊರೆ ಸಿಪ್ಪೆಗೆ ಕೈ ಹಾಕಿದ. ಒಲೆಯ ಕಡೆ ತಿರುಗಿದ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ನಾನು ಒಡ್ಡಿನ ಮೇಲೆ ಹಾಜರಿದ್ದೆ.